ಮಂಕಾಗುವ ದೀಪ

ದೀಪ, ಸದ್ದು ಜೋಡಿಸಿ ಕೋಣೆ ಸಜ್ಜು ಮಾಡುವುದು ನನ್ನ ಕಸುಬು. ಶಿಕಾರಿಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಬಿ.ಪಿ. ಇರುವವರು ಕೂತು ನಿರಾಳವಾಗಲೆಂದು ಒಂದು ಕೋಣೆ ಸಜ್ಜು ಮಾಡಿದ್ದೆ. ಲಾವಂಚದ ಘಮ, ಹರಿಯುವ ನೀರಿನ ಸದ್ದು, ಮೆತ್ತನೆ ಕುರ್ಚಿ. ಗೋಡೆಯ ದೀಪ ನಿಧಾನವಾಗಿ ಬೆಳಗಿದಾಗ ಉಸಿರೆಳೆದುಕೊಳ್ಳಬೇಕು, ಮಂಕಾದಾಗ ಬಿಡಬೇಕು. ನಾಲ್ಕು ದಿನ ಏಣಿ ಹತ್ತಿ ಇಳಿದು ನನ್ನ ಸೊಂಟ ಬಿದ್ದುಹೋಗಿತ್ತು.

ಮೊದಲು ಬಂದವರು ತೊಗರ್ಸಿ ಕಡೆಯ ಒಬ್ಬ ರೈತರು. ದೀಪ ಮಂಕಾಗುತ್ತಲೇ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡರು.

"ವೋಲ್ಟೇಜ್ ಬೀಳ್ತಾ ಐತಲ್ರೀ!"

"ಅದನ್ನ ಹಾಗೇ ಮಾಡಿರೋದು ಯಜಮಾನ್ರೇ. ನಿಧಾನಕ್ಕೆ ಉಸಿರು ಬಿಡಿ."

"ಏನ್ ಬಿಡೋದ್ರೀ? ನೀರಿನ ಸದ್ದು ಕೇಳ್ತಾ ಐತಿ. ನಿಮ್ಮ ಮೋಟ್ರು ಓಡ್ತಾ ಐತಿ. ಹಿಂಗೇ ಲೈಟು ಮಂಕಾಗಿ ಹೋದ್ವರ್ಷ ನಮ್ಮ ಮೋಟ್ರು ಸುಟ್ಟೋತು. ಮೊದ್ಲು ಆಫ್ ಮಾಡ್ರಿ!"

ಮೋಟ್ರಿಲ್ಲ, ಅದು ಬರೀ ರೆಕಾರ್ಡಿಂಗು ಎಂದು ಹೇಳಿ ಹೇಳಿ ನನಗೇ ಏದುಸಿರು ಬಂತು. ನರ್ಸ್ ಬಂದು ಅಳೆದು ನೋಡಿದರೆ ಯಜಮಾನರ ಬಿ.ಪಿ. ಬಂದಾಗ ಇದ್ದದ್ದಕ್ಕಿಂತ ಜಾಸ್ತಿ.

ಅಷ್ಟರಲ್ಲಿ ಕರೆಂಟೇ ಹೋಯಿತು. ದೀಪ ಆರಿತು, ನೀರಿನ ಸದ್ದೂ ನಿಂತಿತು. ಯಜಮಾನರು ಹೊಟ್ಟೆಯಾಳದಿಂದ ಒಂದು ಉದ್ದನೆಯ ಉಸಿರು ಬಿಟ್ಟರು.

"ಅಬ್ಬಾ, ಮೋಟ್ರು ಉಳೀತು."

ಹಿಂದಕ್ಕೊರಗಿದವರು ಐದೇ ನಿಮಿಷಕ್ಕೆ ಗೊರಕೆ ಹೊಡೆಯತೊಡಗಿದರು. ಪಕ್ಕದ ಕುರ್ಚಿಯಲ್ಲಿ ನಾನೂ ಕಣ್ಣು ಮುಚ್ಚಿದೆ. ಕರೆಂಟ್ ಈಗಲೇ ಬಾರದಿರಲಪ್ಪಾ ಎಂದು ನನ್ನ ಕಸುಬಿನಲ್ಲಿ ಬೇಡಿಕೊಂಡದ್ದು ಅದೇ ಮೊದಲು.