ಎರಡು ವರ್ಷಕ್ಕೆ ಗುತ್ತಿಗೆ ಹಿಡಿದ ಭುಜ

ರಜೆಯ ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ದೋಹಾದ ಹೊರಗೆ, ಅಲ್ ರಯ್ಯಾನಿನ ಆಚೆಯ ಜಲ್ಲಿಬಯಲಿಗೆ ಹೋಗಿ, ಪಿಕಪ್ಪಿನಿಂದ ಕ್ರಿಕೆಟ್ ಮ್ಯಾಟು ಇಳಿಸಿ, ಮೂಲೆಗಳಿಗೆ ಮೊಳೆ ಹೊಡೆದು, ಮೇಲಿನ ಧೂಳನ್ನು ಪೊರಕೆಯಿಂದ ಗುಡಿಸಿಬಿಟ್ಟರೆ, ವಾರವಿಡೀ ಎಸಿ ಡಕ್ಟುಗಳ ನಕ್ಷೆ ಬರೆಯುವ ನಾನು ಮಧ್ಯಾಹ್ನದವರೆಗೆ ಬೌಲರ್ ಎನಿಸಿಕೊಳ್ಳುತ್ತಿದ್ದೆ. ನನ್ನ ಬೌಲಿಂಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎದುರಾಳಿಗಳಿಗೆ ಅದರ ಮೇಲೆ ಅಪಾರ ಪ್ರೀತಿಯಿತ್ತು, ಅಷ್ಟೇ.

ಇದು ಎರಡು ಸಾವಿರದ ದಶಕದ ನಡುವಿನ ಮಾತು. ದೋಹಾದಲ್ಲಿ ದಿನಕ್ಕೊಂದು ಕ್ರೇನು ಏಳುತ್ತಿದ್ದ ಕಾಲ. ನಮ್ಮ ಕಂಪನಿಯ ಯಜಮಾನರು ಜಗನ್ನಾಥ ಶೆಟ್ಟರು. ತಂಡದ ಯಜಮಾನರೂ ಅವರೇ. ಒಂದು ಡಬ್ಬಿ ಸ್ಕ್ರೂ ಕೊಳ್ಳುವ ಮೊದಲು ಮೂರು ಅಂಗಡಿ ಹತ್ತಿಳಿಯುವ ಈ ಮನುಷ್ಯ, ಕ್ರಿಕೆಟ್ಟಿನ ವಿಷಯಕ್ಕೆ ಬಂದರೆ ಹೆಣ್ಣಿನ ತಂದೆ ಮದುವೆಯಲ್ಲಿ ಮಾಡುವಂತೆ ಕೈ ಬಿಚ್ಚುತ್ತಿದ್ದರು. ಮೂರು ವರ್ಷ ಸಾಲಾಗಿ ಸೆಮಿಫೈನಲ್ಲಿನಲ್ಲಿ ಸೋತ ಮೇಲೆ ಅವರಿಗೆ ಜ್ಞಾನೋದಯವಾಯಿತು: ನಮಗೆ ಬೇಕಾದದ್ದು ಅಭ್ಯಾಸವಲ್ಲ, ಒಬ್ಬ ವೇಗದ ಬೌಲರ್.

ಬಾಗಲಕೋಟೆಯ ಬಸವರಾಜ ಆಗಷ್ಟೇ ಇನ್ನೊಂದು ತಂಡದ ಕರಾರು ಮುಗಿಸಿ ಸ್ವತಂತ್ರನಾಗಿದ್ದ. ಮೂವತ್ಮೂರು ವರ್ಷ, ಆರಡಿ ಮೀರಿದ ದೇಹ, ಹಿಂದಿನ ಎರಡು ಸೀಸನ್ನುಗಳಲ್ಲಿ ಉರುಳಿಸಿದ ವಿಕೆಟ್ಟುಗಳ ಖ್ಯಾತಿ. ಮೂರು ತಂಡಗಳು ಅವನ ಹಿಂದೆ ಬಿದ್ದಿದ್ದವು. ಶೆಟ್ಟರು ಎಲ್ಲರನ್ನೂ ಮೀರಿಸಿದರು: ಎರಡು ವರ್ಷದ ಖಾತ್ರಿ, ಸೂಪರ್‌ವೈಸರ್ ಎಂಬ ಹುದ್ದೆ, ಮದೀನತ್ ಖಲೀಫಾದಲ್ಲಿ ಫ್ಲ್ಯಾಟು, ಕಾರು, ಹೆಂಡತಿಗೆ ವೀಸಾ. ಅವನು ಯಾವುದನ್ನು ಸೂಪರ್‌ವೈಸ್ ಮಾಡಬೇಕೆಂದು ಯಾರೂ ಕೇಳಲಿಲ್ಲ. ಅಂಥ ರತ್ನವನ್ನು ಹಳೆಯ ತಂಡ ಏಕೆ ಅಷ್ಟು ನಗುನಗುತ್ತ ಬಿಟ್ಟುಕೊಟ್ಟಿತೆಂದೂ ಕೇಳಲಿಲ್ಲ.

ಸೈಟಿನಲ್ಲಿದ್ದ ಅಮೆರಿಕದ ಹಿರಿಯ ಇಂಜಿನಿಯರರೊಬ್ಬರಿಗೆ ಈ ಸುದ್ದಿ ಹೇಳಿದೆ. ಅವರು ಬೇಸ್‌ಬಾಲಿನ ಭಕ್ತರು. ತಮ್ಮ ದೇಶದಲ್ಲೂ ಚೆಂಡೆಸೆಯುವವರ ತೋಳಿಗೆ ಹೀಗೆಯೇ ವರ್ಷಗಟ್ಟಲೆ ಕರಾರು ಬರೆದು ಕೋಟಿ ಸುರಿಯುತ್ತಾರೆಂದೂ, ಆ ತೋಳು ತನ್ನ ಒಳ್ಳೆಯ ದಿನಗಳನ್ನು ಆಗಲೇ ಬೇರೆ ಯಾರಿಗೋ ಖರ್ಚು ಮಾಡಿ ಬಂದಿರುತ್ತದೆಂದೂ ನಕ್ಕರು. ಶೆಟ್ಟರಿಗೆ ತಿಳಿಸಿದಾಗ ಅವರ ಉತ್ತರ ಸಿದ್ಧವಾಗಿತ್ತು.

"ಅದು ಬೇಸ್‌ಬಾಲ್ ಮಾರಾಯ್ರೆ, ನಮ್ಮದು ಕ್ರಿಕೆಟ್. ಸಹಿ ಆಗಿದೆ, ಖಲಾಸ್."

ಈಗ ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ. ಸಹಿಗೆ ಮುನ್ನ ಅವನನ್ನು ಪರೀಕ್ಷಿಸಲು ಹೋದವನು ನಾನೇ. ಆರು ಚೆಂಡು ಎಸೆದ, ಆರೂ ಬೆಂಕಿ. ಆಮೇಲೆ ಕಾರಿನ ಕನ್ನಡಿ ನೋಡುತ್ತ ತಲೆ ಬಾಚಿಕೊಂಡ, ಎಡಗೈಯಲ್ಲಿ. ಬಲಗೈ ಬೌಲರ್ ಎಡಗೈಯಲ್ಲಿ ಬಾಚಿಕೊಂಡರೆ ಬಲಭುಜ ಮೇಲೇಳುತ್ತಿಲ್ಲ ಎಂದೇ ಅರ್ಥ; ಅದನ್ನು ನೋಡಿಯೂ ನಾನು ಶೆಟ್ಟರಿಗೆ ಹೇಳಲಿಲ್ಲ. ನನಗೆ ಟ್ರೋಫಿ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ವಾರವಾರವೂ ಹೊಡೆಸಿಕೊಳ್ಳುವುದರಿಂದ ಬಿಡುಗಡೆ ಬೇಕಿತ್ತು.

ಮೂರು ಪಂದ್ಯ ನಾವು ಚಕ್ರವರ್ತಿಗಳಾಗಿದ್ದೆವು. ನಾಲ್ಕನೆಯದರಲ್ಲಿ, ಓವರಿನ ನಡುವೆ, ಚೆಂಡು ಅವನ ಕೈಯಿಂದ ಜಾರಿ ಕಾಲ ಬಳಿ ಬಿತ್ತು. ಅವನು ಭುಜ ಹಿಡಿದುಕೊಂಡು ಮ್ಯಾಟಿನ ಮೇಲೆ ಕೂತುಬಿಟ್ಟ. ಭುಜದ ಸ್ನಾಯು ಹರಿದಿದೆ, ಹಳೆಯ ಗಾಯ, ಇನ್ನು ಬೌಲಿಂಗ್ ಕನಸು ಎಂದರು ಡಾಕ್ಟರು. ಮೊನ್ನೆಯವರೆಗೆ ಅವನ ಜೊತೆ ಫೋಟೋ ತೆಗೆಸಿಕೊಳ್ಳಲು ನೂಕಾಡುತ್ತಿದ್ದ ತಂಡದವರು, ಗಾಯ ಮುಚ್ಚಿಟ್ಟವನ ವೀಸಾ ಕ್ಯಾನ್ಸಲ್ ಮಾಡಿ ಕಳಿಸಿಬಿಡಿ ಎಂದು ಶೆಟ್ಟರಿಗೆ ಬುದ್ಧಿ ಹೇಳತೊಡಗಿದರು. ಅವನ ಹೆಂಡತಿ ಊರಿನಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ.

ಅವನಿಗೆ ಮೊದಲೇ ಗೊತ್ತಿತ್ತೇ ಎಂದು ವಿಚಾರಿಸಿ ಬರಲು ಶೆಟ್ಟರು ನನ್ನನ್ನೇ ಕಳಿಸಿದರು. ಆ ಫ್ಲ್ಯಾಟಿನಲ್ಲಿ ಸಾಮಾನುಗಳಿನ್ನೂ ಪೆಟ್ಟಿಗೆಯಲ್ಲೇ ಇದ್ದವು. ಆಕೆ ಚಹಾ ಇಟ್ಟು ಒಳಗೆ ಹೋದ ಮೇಲೆ ಅವನು ತಗ್ಗಿದ ದನಿಯಲ್ಲಿ ಹೇಳಿದ:

"ಕೈ ನೋಯ್ತದ ಅಂದಿದ್ರ ಯಾರ್ ಕರಕೊಂತಿದ್ರು ಸರ? ಇಕಿನ್ನ ಹೆಂಗ್ ಕರಸ್ತಿದ್ದೆ? ನಾ ಹೇಳ್ಲಿಲ್ಲ, ಖರೆ. ಆದ್ರ ಅವತ್ತ ನೀವು ನೋಡಿದ್ರಿ."

ಚಹಾ ಅಲ್ಲೇ ಬಿಟ್ಟು ಎದ್ದೆ. ನೇರ ಆಫೀಸಿಗೆ ಹೋಗಿ ಶೆಟ್ಟರ ಮುಂದೆ ಅವನ ಮಾತನ್ನೂ ನನ್ನ ತಪ್ಪನ್ನೂ ಒಟ್ಟಿಗೇ ಇಟ್ಟೆ. ಅವರು ಬೈಯುತ್ತಾರೆಂದು ಕಾದು ನಿಂತೆ, ಬೈಯಲಿಲ್ಲ. ಪೇಪರ್‌ವೇಟನ್ನು ನಾಲ್ಕು ಸಲ ತಿರುಗಿಸಿದರು.

"ಅವ ಹೇಳ್ಲಿಲ್ಲ, ನೀವು ನೋಡಿ ಸುಮ್ಮನಾದ್ರಿ, ನಾನು ಕೇಳ್ಲಿಕ್ಕೇ ಹೋಗ್ಲಿಲ್ಲ. ಕಳಿಸುದಾದ್ರೆ ಮೂವರನ್ನೂ ಕಳಿಸ್ಬೇಕು. ಕೂತ್ಕೊಳ್ಳಿ."

ಹೀಗೆ ಕತಾರಿನ ಅತಿ ದುಬಾರಿ ಸ್ಟೋರ್‌ಕೀಪರ್ ನಮ್ಮ ಗೋದಾಮಿಗೆ ಬಂದ. ಸ್ಕ್ರೂ ಡಬ್ಬಿಗಳನ್ನು ಎಡಗೈಯಲ್ಲಿ ಎತ್ತಿಡುತ್ತ ಬಸವರಾಜ ಆರು ತಿಂಗಳಲ್ಲಿ ಆ ಕಗ್ಗಾಡನ್ನು ಎಷ್ಟು ಚೊಕ್ಕಟ ಮಾಡಿದನೆಂದರೆ, ಯಾವುದು ಎಲ್ಲಿದೆ ಎಂದು ಹುಡುಕುವುದೇ ಕೆಲಸವಾಗಿದ್ದ ಇಬ್ಬರಿಗೆ ಬೇರೆ ಕೆಲಸ ಕೊಡಬೇಕಾಯಿತು. ನಾನು ಮತ್ತೆ ಚೆಂಡು ಹಿಡಿದೆ, ಎದುರಾಳಿಗಳು ಮತ್ತೆ ಹಿಗ್ಗಿದರು, ನಾವು ಎರಡೂ ವರ್ಷ ಸೆಮಿಫೈನಲ್ಲಿಗೇ ಹೋಗಲಿಲ್ಲ.

ಕರಾರು ಮುಗಿದ ದಿನ ಶೆಟ್ಟರು ಹೊಸದೊಂದನ್ನು ಬರೆಸಿದರು. ಸ್ಟೋರ್‌ಕೀಪರ್ ಎಂಬ ಹುದ್ದೆ, ಅದಕ್ಕೆ ತಕ್ಕ ಸಂಬಳ, ಕಾರಿಲ್ಲ. ಬಸವರಾಜ ನಿಧಾನವಾಗಿ ಓದಿ, ಇನ್ನೊಂದು ಸಾಲು ಸೇರಿಸಬೇಕೆಂದು ಕೇಳಿದ: ಯಾವ ಶುಕ್ರವಾರವೂ ತನಗೆ ಯಾರೂ ಚೆಂಡು ಕೊಡಬಾರದು. ಶೆಟ್ಟರು ಪೆನ್ನು ನನ್ನ ಕಡೆ ಚಾಚಿದರು. ಆ ಸಾಲನ್ನು ನಾನೇ, ನನ್ನ ನಕ್ಷೆಗಳ ಅಕ್ಷರದಲ್ಲಿ, ಅಂದವಾಗಿ ಬರೆದೆ.