ಕಲ್ಲಂಗಡಿ ಮಾದರಿಗೆ ಒಂದು ನಿಮಿಷ

ಸಿದ್ದಾಪುರದ ನಮ್ಮ ಹೈಸ್ಕೂಲಿನ ವಿಜ್ಞಾನದ ಮಾಸ್ತರರು ಪರಮಾಣುವಿನ ಯಾವ ಹಳೆಯ ಮಾದರಿಯನ್ನೂ ತಪ್ಪು ಎಂದವರಲ್ಲ, ತೀರಿಕೊಂಡಿತು ಎನ್ನುತ್ತಿದ್ದರು. ನಾನು ಅಲ್ಲಿ ಕನ್ನಡ ಕಲಿಸಲು ಸೇರಿದ ಮೊದಲ ವಾರ ಅವರ ತರಗತಿಗೆ ಇಣುಕಿದಾಗ ಮಕ್ಕಳೆಲ್ಲ ತಲೆ ತಗ್ಗಿಸಿ ನಿಂತಿದ್ದರು.

"ಯಾರು ಹೋದ್ರು?" ಎಂದು ಮುಂದಿನ ಬೆಂಚಿನ ಹುಡುಗಿಯನ್ನು ಮೆಲ್ಲಗೆ ಕೇಳಿದೆ.

"ಕಲ್ಲಂಗಡಿ ಮಾದರಿ, ಸರ್."

ಪರಮಾಣು ಕಲ್ಲಂಗಡಿಯಂತೆ, ಅದರ ಬೀಜಗಳೇ ಎಲೆಕ್ಟ್ರಾನುಗಳು ಎಂದು ಹಿಂದಿನ ದಿನವಷ್ಟೇ ಕಲಿಸಿದ್ದರಂತೆ. ಇವತ್ತು ನಡುವೆ ನ್ಯೂಕ್ಲಿಯಸ್ ಸಿಕ್ಕಿತ್ತು. ಮಾಸ್ತರರು ಕನ್ನಡಕ ಒರೆಸಿಕೊಂಡು, "ಎಂತದೇ ಇರ್ಲಿ, ಇದ್ದಷ್ಟು ದಿನ ಚಲೋ ಕೆಲಸ ಮಾಡಿತ್ತು, ಪಾಪ" ಎಂದರು. ಆಮೇಲೆ ಮೃತರನ್ನು ಕತ್ತರಿಸಿ ಎಲ್ಲರಿಗೂ ಹಂಚಿದರು. ನನ್ನ ಹೋಳು ಬಹಳ ಸಿಹಿಯಾಗಿತ್ತು, ಹಾಗೆನ್ನಲು ಸಂಕೋಚವಾಯಿತು.

ಅದಕ್ಕೂ ಮೊದಲು ಗಟ್ಟಿ ಗುಂಡಿನ ಮಾದರಿ ಹೋದಾಗ ಶೇಂಗಾ ಉಂಡೆ ಹಂಚಿದ್ದರಂತೆ. ಎಲೆಕ್ಟ್ರಾನುಗಳು ಗ್ರಹಗಳಂತೆ ಸುತ್ತುವ ಮಾದರಿ ಹೋದ ದಿನ ಚಕ್ಕುಲಿ ತಂದರು. ಈಗಿನ ಮೋಡದ ಮಾದರಿಯನ್ನು ಕಲಿಸುವಾಗ ಮಾತ್ರ ಅವರ ದನಿ ತಗ್ಗುತ್ತಿತ್ತು: "ಇದು ಇನ್ನೂ ಇದೆ. ಇದರೆದುರು ಹೋದವರ ಸುದ್ದಿ ಬೇಡ."

ಅವರ ನಿವೃತ್ತಿಯ ಸಮಾರಂಭದಲ್ಲಿ ಹೆಡ್‌ಮಾಸ್ತರರು ಹೊಸ ವಿಜ್ಞಾನ ಶಿಕ್ಷಕಿಯನ್ನು ಪರಿಚಯಿಸಿದ್ದೇ ತಡ, ಮಕ್ಕಳೆಲ್ಲ ಎದ್ದು ತಲೆ ತಗ್ಗಿಸಿದರು.

"ಎಂತ ಇದು, ಕೂತ್ಕೊಳ್ಳಿ. ಮಾಸ್ತರರು ಇನ್ನೂ ಇಲ್ಲೇ ಇದಾರೆ" ಎಂದು ಹೆಡ್‌ಮಾಸ್ತರರು ಗದರಿದರು. ಯಾರೂ ಕೂರಲಿಲ್ಲ. ಮಾಸ್ತರರು ಕೊರಳ ಹಾರ ಸರಿಪಡಿಸಿಕೊಂಡು ಎದ್ದು, ತಾವೂ ತಲೆ ತಗ್ಗಿಸಿ ನಿಂತರು.

ನಿಮಿಷ ಮುಗಿದ ಮೇಲೆ ಕೂತು, ನನ್ನ ಕಡೆ ಬಾಗಿ ಕೇಳಿದರು: "ಹಂಚೂಕೆ ಎಂತ ತಂದಿದಾರೆ?"