ಚಾಂಪಿಯನ್ನನ ಟೇಪು, ನನ್ನ ವಿಸಿಆರು

ಕಳೆದ ಭಾನುವಾರ ಬೆಳಿಗ್ಗೆ ನನ್ನದೇ ವಿಸಿಆರನ್ನು ನಾನೇ ಕೆಡಿಸಿದೆ. ಕೈತಪ್ಪಿ ಅಲ್ಲ. ಹೆಂಡತಿ, ಮಗಳು ಗ್ರೋಸರಿಗೆ ಹೋದ ಸಮಯ ನೋಡಿ, ಕರ್ಟನ್ ಎಳೆದು, ನಾಲ್ಕು ಸ್ಕ್ರೂ ಬಿಚ್ಚಿ, ಒಳಗಿನ ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡೆ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೋಣೆಯಷ್ಟು ದೊಡ್ಡ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರು ನಾನು. ವಯಸ್ಸು ನಲವತ್ತೆರಡು.

ಯಾಕೆ ಹೀಗೆ ಮಾಡಿದೆ ಅಂತೀರಾ? ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ.

ಹೊಟ್ಟೆಕಿಚ್ಚು ನನಗೆ ಹೊಸದಲ್ಲ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಕ್ಯುಪರ್ಟಿನೋದಂಥ ದುಬಾರಿ ಊರಿನಲ್ಲಿ ಮನೆ ಕೊಂಡವರನ್ನು ಕಂಡರೆ ಆಗುತ್ತದೆ. (ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಏಳು ವರ್ಷ ಇದ್ದರೆ ನಿಮಗೂ ಆಗುತ್ತದೆ.) ಆದರೆ ಅದು ಎರಡು ದಿನಕ್ಕೆ ತಣ್ಣಗಾಗುತ್ತದೆ. ಟೆರಿಯ ಮೇಲಿನದು ಎರಡು ತಿಂಗಳಾದರೂ ಆರಿಲ್ಲ.

ಟೆರಿ ನಮ್ಮ ಅಪಾರ್ಟ್‌ಮೆಂಟಿನ ರಿಪೇರಿ ಕೆಲಸದವನು. ಉತ್ತರ ಇಂಗ್ಲೆಂಡಿನವನು, ನನಗಿಂತ ಎರಡೇ ವರ್ಷ ದೊಡ್ಡವನು. ಹೀಟರ್ ಸರಿ ಮಾಡಲು ಬಂದವನಿಗೆ ನನ್ನ ಹೆಂಡತಿ ವಸುಧಾ ಕಾಫಿ ಕೊಟ್ಟಳು. ಮಗಳು ಮೇಘನಾ, ಹನ್ನೊಂದು ವರ್ಷದವಳು, ನಿನ್ನ ಮೂಗು ಯಾಕೆ ಸೊಟ್ಟಗಿದೆ ಎಂದು ನೇರವಾಗಿ ಕೇಳಿಬಿಟ್ಟಳು. ಆಗ ಹೊರಬಿತ್ತು ವಿಷಯ. ಈತ ಒಂದು ಕಾಲದಲ್ಲಿ ಬ್ರಿಟನ್ನಿನ ಲೈಟ್‌ವೇಟ್ ಬಾಕ್ಸಿಂಗ್ ಚಾಂಪಿಯನ್!

ಹತ್ತನೇ ವಯಸ್ಸಿನಲ್ಲಿ ಚರ್ಚಿನ ನೆಲಮಾಳಿಗೆಯ ಕ್ಲಬ್ಬಿಗೆ ಸೇರಿದನಂತೆ. ಹತ್ತು ವರ್ಷ ಅಮೆಚೂರ್, ಅಂದರೆ ದುಡ್ಡಿಲ್ಲದ ಆಟ. ಗೆದ್ದರೆ ಒಂದು ಗಡಿಯಾರ, ಇಲ್ಲವೇ ಟೀ ಸೆಟ್ಟು. ಅವರಮ್ಮನ ಅಡುಗೆಮನೆಯಲ್ಲಿ ಒಂಬತ್ತು ಟೀ ಸೆಟ್ಟುಗಳಿದ್ದವಂತೆ. ದೇಶದ ಅಮೆಚೂರ್ ಚಾಂಪಿಯನ್ ಆದ ಮೇಲೆ ಪ್ರೊಫೆಷನಲ್ ಆದ. ಹಗಲು ಕಲ್ಲಿದ್ದಲ ಮೂಟೆ ಹೊರುವುದು, ಸಂಜೆ ಪ್ರಾಕ್ಟೀಸು. ಬ್ರಿಟಿಷ್ ಟೈಟಲಿಗೆ ಎರಡು ಸಲ ಸೆಣಸಿ ಸೋತ. ಮೂರನೇ ಸಲ ಹದಿನೈದು ರೌಂಡು ಪೂರ್ತಿ ನಿಂತು, ಅರ್ಧ ಪಾಯಿಂಟಿನಲ್ಲಿ ಗೆದ್ದ. ಚಾಂಪಿಯನ್ನನ ಬೆಲ್ಟು ಹದಿನಾಲ್ಕು ತಿಂಗಳು ಅವನ ಬಳಿ ಇತ್ತು. ಆಮೇಲೊಂದು ಪಂದ್ಯದಲ್ಲಿ ಹುಬ್ಬು ಸೀಳಿ, ರಕ್ತ ನಿಲ್ಲದೆ, ರೆಫರಿ ಆಟ ನಿಲ್ಲಿಸಿದ. ಅಲ್ಲಿಗೆ ಮುಗಿಯಿತು.

ಇದರಲ್ಲಿ ನಾನು ಉರಿದುಕೊಳ್ಳುವಂಥದ್ದು ಏನಿದೆ? ಇದೆ. ಅಲ್ಲಿಯವರೆಗೆ ನಮ್ಮ ಮನೆಯ ಬಾಕ್ಸರು ನಾನು. ಮೈಸೂರಿನಲ್ಲಿ ಓದುವಾಗ ಕಾಲೇಜು ಬಾಕ್ಸಿಂಗಿನಲ್ಲಿ ರನ್ನರ್ ಅಪ್. ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದೇನೆ. ಮೇಘನಾ ಅದನ್ನು ಒಮ್ಮೆ ಸ್ಕೂಲಿಗೂ ಒಯ್ದು ಎಲ್ಲರಿಗೂ ತೋರಿಸಿ ಬಂದಿದ್ದಳು. (ನನ್ನ ತೂಕದಲ್ಲಿ ಹೆಸರು ಕೊಟ್ಟಿದ್ದವರು ಇಬ್ಬರೇ. ಇದನ್ನು ಇಪ್ಪತ್ತೆರಡು ವರ್ಷದಿಂದ ಯಾರಿಗೂ ಹೇಳಿಲ್ಲ, ಹೆಂಡತಿಗೂ. ಈ ವಾರದ ಪತ್ರಿಕೆಯನ್ನು ಅವಳ ಕೈಗೆ ಸಿಗದಂತೆ ಎತ್ತಿಡಬೇಕು. ಮಗಳಿಗೆ ಕನ್ನಡ ಓದಲು ಬರುವುದಿಲ್ಲ, ನನ್ನ ಪುಣ್ಯ.)

ಟೆರಿ ಬಂದ ಮೇಲೆ ಆ ಫ್ರೇಮಿನ ಕಡೆ ಯಾರೂ ತಿರುಗಿ ನೋಡಲಿಲ್ಲ. ಲಾಂಡ್ರಿ ರೂಮಿನ ಮುಂದೆ ಅವನು ಮೇಘನಾಗೆ ಎಡಗೈ ಹೇಗೆ ಹಿಡಿಯಬೇಕೆಂದು ಹೇಳಿಕೊಟ್ಟ. ಊಟಕ್ಕೆ ಕೂತರೆ "ಟೆರಿ ಸೇಸ್" ಎಂದೇ ಮಾತು ಶುರು. ತಡೆಯಲಾರದೆ ಒಂದು ದಿನ ನಾನೂ ಎದ್ದು ನಿಂತು ನನ್ನ ಪಟ್ಟು ತೋರಿಸಿದೆ.

"ಅಪ್ಪ, ಟೆರಿ ಸೇಸ್ ನೆವರ್ ಸ್ಟ್ಯಾಂಡ್ ಲೈಕ್ ದಟ್" ಅಂದಳು.

ವಸುಧಾ ನಕ್ಕಳು. ಅವಳಾದರೂ ನಗಬಾರದಿತ್ತು.

ಹೀಗಿರುವಾಗ ಹೋದ ವಾರ ಟೆರಿಗೆ ಅವನ ಅಣ್ಣ ಇಂಗ್ಲೆಂಡಿನಿಂದ ಒಂದು ಟೇಪು ಕಳಿಸಿದ. ಆ ಟೈಟಲ್ ಪಂದ್ಯದ್ದೇ. ಟೆರಿ ತನ್ನ ವಿಸಿಆರಿಗೆ ಹಾಕಿದರೆ ಬರೀ ಗೆರೆಗಳು. ಇಂಗ್ಲೆಂಡಿನ ಟೇಪು ಅಮೆರಿಕದ ಡಬ್ಬಕ್ಕೆ ಒಗ್ಗುವುದಿಲ್ಲ. ನಮ್ಮ ಇಂಡಿಯಾದ್ದೂ ಅಷ್ಟೇ. ಅದಕ್ಕೇ ಊರಿಗೆ ಹೋಗಿ ಬರುವಾಗ ಸಿಂಗಾಪುರದಲ್ಲಿ ಇಳಿದು, ಎಲ್ಲ ದೇಶದ ಟೇಪನ್ನೂ ಓಡಿಸುವ ವಿಸಿಆರು, ಅದಕ್ಕೆ ಹೊಂದುವ ಟಿವಿ ಎರಡನ್ನೂ ಹೊತ್ತು ತರುವುದು ನಮ್ಮವರ ಪದ್ಧತಿ. ನಮ್ಮ ಕಾಂಪ್ಲೆಕ್ಸಿನಲ್ಲಿ ಅದಿರುವುದು ನನ್ನೊಬ್ಬನ ಬಳಿ. ಕನ್ನಡ ಸಿನಿಮಾದ ಟೇಪು ಬಂತೆಂದರೆ ಪಕ್ಕದೂರು ಫ್ರೀಮಾಂಟಿನವರೂ ನಮ್ಮ ಹಾಲಿಗೇ ಬರಬೇಕು.

ಟೆರಿಯೂ ಬಂದ, ಟೇಪು ಹಿಡಿದು. (ಅವನ ಇಂಗ್ಲಿಷು ನನಗೇ ಅರ್ಧ ತಿಳಿಯುವುದಿಲ್ಲ. ಕನ್ನಡದಲ್ಲೇ ಹೇಳುತ್ತೇನೆ.)

"ಇದನ್ನ ನಾನು ಒಂದ್ಸಲಾನೂ ನೋಡಿಲ್ಲ. ಹನ್ನೆರಡನೇ ರೌಂಡ್ ಆದ್ಮೇಲೆ ನಂಗೆ ಏನೂ ನೆನಪಿಲ್ಲ. ಯಾರೋ ನನ್ನ ಕೈ ಎತ್ತಿ ಹಿಡಿದ್ರು, ಆಗ ಗೆದ್ದೆ ಅಂತ ಗೊತ್ತಾಯ್ತು. ಹೇಗೆ ಗೆದ್ದೆ ಅಂತ ನೋಡ್ಬೇಕು."

"ಅಯ್ಯೋ, ನಮ್ಮ ವಿಸಿಆರು ಕೆಟ್ಟಿದೆಯಲ್ಲ" ಅಂದೆ.

ಯೋಚಿಸಿ ಹೇಳಿದ್ದಲ್ಲ. ಮೇಘನಾ ಆ ಟೇಪು ನೋಡಿದರೆ ನನ್ನ ಕಥೆ ಮುಗಿಯಿತು ಎಂಬುದೊಂದೇ ತಲೆಯಲ್ಲಿ ಇತ್ತು.

"ಅಷ್ಟೇ ತಾನೆ? ಭಾನುವಾರ ಮಧ್ಯಾಹ್ನ ಬಂದು ನಾನೇ ನೋಡ್ತೀನಿ" ಎಂದ ಟೆರಿ.

ರಿಪೇರಿಯವನ ಹತ್ತಿರ ಕೆಟ್ಟಿದೆ ಎಂದು ಸುಳ್ಳು ಹೇಳುವ ಬುದ್ಧಿವಂತ ನನ್ನನ್ನು ಬಿಟ್ಟು ಇನ್ನೊಬ್ಬ ಇದ್ದಾನೆಯೇ? ಹೀಗಾಗಿ ಆ ಫ್ಯೂಸು ನನ್ನ ಜೇಬು ಸೇರಿತು.

ಹೇಳಿದ ಹೊತ್ತಿಗೆ ಸರಿಯಾಗಿ ಟೆರಿ ಬಂದ. ಮೇಘನಾ ಪಕ್ಕದಲ್ಲೇ ಚಕ್ಕಂಬಕ್ಕಳ ಹಾಕಿ ಕೂತಳು. ಸ್ಕ್ರೂಗಳ ತಲೆಯ ಮೇಲೆ ಹೊಸ ಗೀರುಗಳಿದ್ದವು. ಮುಚ್ಚಳ ತೆಗೆದ. ಫ್ಯೂಸು ಇರಬೇಕಾದ ಜಾಗ ಖಾಲಿ. ಒಂದು ಗಳಿಗೆ ಅದನ್ನೇ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಮೇಘನಾ, ಒಂದು ಗ್ಲಾಸ್ ನೀರು ತರ್ತೀಯಾ?" ಅಂದ.

ಅವಳು ಅಡುಗೆಮನೆಗೆ ಹೋದಳು. ಟೆರಿ ನನ್ನ ಮುಂದೆ ಅಂಗೈ ಚಾಚಿದ. ನಾನು ಜೇಬಿನಿಂದ ಫ್ಯೂಸು ತೆಗೆದು ಅದರ ಮೇಲಿಟ್ಟೆ. ಕಿವಿಯೆಲ್ಲ ಬಿಸಿಯಾಗಿತ್ತು. ಅವನು ಎರಡು ಮಾತು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ಫ್ಯೂಸು ಕೂರಿಸಿ ಮುಚ್ಚಳ ಹಾಕಿದ.

ಟೇಪು ಓಡಿತು. ಹದಿಮೂರನೇ ರೌಂಡಿನಲ್ಲಿ ಟೆರಿ ಬಿದ್ದ. ಎಂಟು ಎಣಿಸುವಷ್ಟರಲ್ಲಿ ಎದ್ದ.

"ಬಿದ್ದಿದ್ದೆ ಅಂತ ಎಲ್ಲರೂ ಹೇಳ್ತಿದ್ರು. ನಾನು ನಂಬಿರ್ಲಿಲ್ಲ" ಎಂದ, ಮೆಲ್ಲಗೆ.

ಹದಿನಾಲ್ಕರಲ್ಲಿ ಎದುರಾಳಿಯನ್ನು ತಬ್ಬಿಕೊಂಡೇ ಕಾಲ ತಳ್ಳಿದ. ಹದಿನೈದರಲ್ಲಿ ಅವನ ಎಡಗೈಗೆ ಎಲ್ಲಿಂದಲೋ ಜೀವ ಬಂತು. ಕಣ್ಣು ಮುಚ್ಚಿಹೋಗಿದ್ದರೂ ಕೈ ಮಾತ್ರ ನಿಲ್ಲಲಿಲ್ಲ. ವಸುಧಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಚಪ್ಪಾಳೆ ಹೊಡೆದೆ. (ಹೊಟ್ಟೆಕಿಚ್ಚು ಹೋಯಿತು ಅಂದುಕೊಂಡಿರಾ? ಹೆಚ್ಚಾಯಿತು. ನನ್ನ ಫೈನಲ್ ಪಂದ್ಯದಲ್ಲಿ ನಾನು ಒಂದೂವರೆ ನಿಮಿಷಕ್ಕೆ ಸಾಕಪ್ಪಾ ಎಂದು ಕೈ ಎತ್ತಿದವನು.)

ಟೇಪು ಮುಗಿದ ಮೇಲೆ ಮೇಘನಾ ಕೇಳಿದಳು, "ಟೆರಿ, ವಾಟ್ ವಾಸ್ ರಾಂಗ್ ವಿತ್ ದ ವಿಸಿಆರ್?"

ನಾನು ನೆಲ ನೋಡುತ್ತ ಕೂತೆ.

"ಒಂದು ಸಣ್ಣ ಪಾರ್ಟು. ನಾನು ಬರೋ ಮುಂಚೇನೇ ನಿಮ್ಮಪ್ಪ ಅದನ್ನ ತೆಗೆದು ಇಟ್ಟಿದ್ರು. ನಾನು ಹಾಕಿದೆ ಅಷ್ಟೆ" ಎಂದ ಟೆರಿ.

ಒಂದಕ್ಷರ ಸುಳ್ಳಿಲ್ಲ. ಮೇಘನಾ ಎದ್ದು ಬಂದು ನನ್ನ ಭುಜಕ್ಕೆ ಒರಗಿ, "ಗುಡ್ ಜಾಬ್, ಅಪ್ಪ" ಅಂದಳು. ಎರಡು ತಿಂಗಳ ಮೇಲೆ ಮೊದಲ ಸಲ ಮಗಳು ನನ್ನನ್ನು ಹೆಮ್ಮೆಯಿಂದ ನೋಡಿದಳು.

ಅದನ್ನೂ ಆ ಮನುಷ್ಯನೇ ಕೊಡಿಸಬೇಕಿತ್ತೇ?